ಆದಿ ಸಭೆಲಿ ಜಗಳ ಬಂದ್ರೆ ಯಾರ ಮಾತು ನಡೀತಿತ್ತು? (ಪ್ರಶ್ನೋತ್ತರ)

ಪ್ರಶ್ನೆ: ಮೇಡಂ ನಮಸ್ಕಾರ, ನೀವು ಸೆಮಿನರಿಲಿ ಚರ್ಚ್ ಹಿಸ್ಟರಿ ಪಾಠ ಮಾಡೋರು ಅಂತ ಅಡ್ಮಿನ್ ಹೇಳಿದ್ರು, ಅದಕ್ಕೆ ಧೈರ್ಯ ಮಾಡಿ ಕೇಳ್ತಿದೀನಿ. ನಮ್ಮ ಸಭೆ ಒಂದು ವರ್ಷದಿಂದ ಎರಡು ಪಾರ್ಟಿ ಆಗ್ಬಿಟ್ಟಿದೆ. ದೀಕ್ಷಾಸ್ನಾನದ ಬಗ್ಗೆ ಯಾರೋ ಮಾಡಿದ ಒಂದು ಪ್ರಸಂಗದಿಂದ ಶುರುವಾಗಿದ್ದು, ಈಗ ಚರ್ಚಿನ ಬೀಗದ ಕೈ ಯಾರ ಹತ್ರ ಇರ್ಬೇಕು ಅನ್ನೋವರೆಗೂ ಬಂದು ನಿಂತಿದೆ. ಮೊನ್ನೆ ಮೀಟಿಂಗಲ್ಲಿ ಒಬ್ರು ಹಿರಿಯರು ಎದ್ದು ನಿಂತು "ಆದಿ ಸಭೆಲಿ ಹಿಂಗೆಲ್ಲ ಇರ್ಲಿಲ್ಲ, ಎಲ್ರೂ ಒಂದೇ ಮನಸ್ಸಿಂದ ಇದ್ರು, ಅಪೊಸ್ತಲರು ಹೇಳಿದ್ರು ಅಂದ್ರೆ ಮುಗೀತು" ಅಂದ್ರು, ಎಲ್ರೂ ಸುಮ್ನಾದ್ರು. ನಿಜವಾಗ್ಲೂ ಹಂಗೇ ಇತ್ತಾ? ಬೋಧನೆ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದ್ರೆ ಅವರು ಏನ್ ಮಾಡ್ತಿದ್ರು?

ಉತ್ತರ: ನಮಸ್ಕಾರ. ನಿಮ್ಮ ಹಿರಿಯರು ಹೇಳಿದ್ದು ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯದ ಮಟ್ಟಿಗೆ ಸರಿ. ಅವರಿಗೆ ಇನ್ನೆರಡು ಅಧ್ಯಾಯ ಮುಂದೆ ಓದೋಕೆ ಹೇಳಿ, 6ರಲ್ಲಿ ಊಟ ಹಂಚೋ ವಿಷಯಕ್ಕೆ ಗೊಣಗಾಟ ಶುರುವಾಗಿರುತ್ತೆ, ಗ್ರೀಕ್ ಮಾತಾಡೋ ವಿಧವೆಯರನ್ನ ಕಡೆಗಣಿಸ್ತಿದಾರೆ ಅಂತ. 15ಕ್ಕೆ ಬಂದ್ರಂತೂ ಭಾರಿ ಜಗಳ.

ಆ 15ನೇ ಅಧ್ಯಾಯ ಸ್ವಲ್ಪ ನಿಧಾನಕ್ಕೆ ನೋಡೋಣ, ಯಾಕಂದ್ರೆ ಆಮೇಲಿನವರೆಲ್ಲ ಇದನ್ನೇ ಮಾದರಿ ಅಂತ ಹಿಡ್ಕೊಂಡ್ರು. ಸುಮಾರು ಕ್ರಿ.ಶ. 49ರ ಹೊತ್ತು. ಯೆಹೂದ್ಯರಲ್ಲದವರು ಯೇಸುವನ್ನ ನಂಬಿದ್ರೆ ಸುನ್ನತಿ ಮಾಡಿಸ್ಕೋಬೇಕಾ ಬೇಡ್ವಾ ಅನ್ನೋದು ಪ್ರಶ್ನೆ. ಅಂತಿಯೋಕ್ಯದ ಸಭೆ ಪೌಲ ಬಾರ್ನಬರನ್ನ ಯೆರೂಸಲೇಮಿಗೆ ಕಳಿಸ್ತು. ಅಲ್ಲಿ ಪೇತ್ರ ಎದ್ದು "ನಾನು ಹೇಳ್ದೆ, ಮುಗೀತು" ಅನ್ನಲಿಲ್ಲ, ಕೊರ್ನೇಲ್ಯ ಅನ್ನೋ ಯೆಹೂದ್ಯನಲ್ಲದವನ ಮನೇಲಿ ತಾನು ಕಂಡಿದ್ದನ್ನ ಹೇಳ್ದ. ಪೌಲ ಬಾರ್ನಬ ತಮ್ಮ ಅನುಭವ ಹೇಳಿದ್ರು. ಯೆರೂಸಲೇಮ್ ಸಭೆಯ ಮುಖಂಡ ಯಾಕೋಬ ಶಾಸ್ತ್ರದ ಮಾತು ತಂದು, ಸುನ್ನತಿ ಬೇಡ ಆದ್ರೆ ವಿಗ್ರಹಕ್ಕೆ ಇಟ್ಟಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದ ಪ್ರಾಣಿ, ಹಾದರ ಇವುಗಳಿಂದ ದೂರ ಇರ್ಲಿ ಅಂತ ಒಂದು ಸೂತ್ರ ಮುಂದಿಟ್ಟ. ಆಮೇಲೆ ಪತ್ರ ಬರೆದ್ರು. ಪವಿತ್ರಾತ್ಮನಿಗೂ ನಮಗೂ ಹೀಗೆ ಸರಿ ತೋರ್ತು ಅನ್ನೋ ಅರ್ಥದ ಮಾತು ಅದ್ರಲ್ಲಿದೆ. ಬರೀ ಪತ್ರ ಕೊಟ್ಟು ಸುಮ್ನಾಗ್ಲಿಲ್ಲ, ಯೂದ ಮತ್ತೆ ಸೀಲ ಅಂತ ಇಬ್ಬರನ್ನ ಜೊತೆಗೆ ಕಳಿಸಿದ್ರು, ಬಾಯಲ್ಲೂ ಹೇಳಲಿ ಅಂತ.

ಹಾಗಂತ ಜಗಳ ಮುಗೀಲಿಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ ಜೊತೆ ಊಟಕ್ಕೆ ಕೂರ್ತಿದ್ದೋನು, ಯಾಕೋಬನ ಕಡೆಯವರು ಬಂದ ತಕ್ಷಣ ಪಂಕ್ತಿಯಿಂದ ಎದ್ದ, ಪೌಲ ಎಲ್ರ ಮುಂದೆ ಮುಖಕ್ಕೆ ಹೊಡೆದ ಹಾಗೆ ಕೇಳ್ದ, ಗಲಾತ್ಯ 2ರಲ್ಲಿ ಅವನೇ ಬರ್ಕೊಂಡಿದಾನೆ. ಪಂಕ್ತಿಭೇದ ಅಂದ್ರೆ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳೋದು ಬೇಡ ಬಿಡಿ. ಇನ್ನೊಂದು ತಮಾಷೆ, ಕೊರಿಂಥದವರು ವಿಗ್ರಹಕ್ಕೆ ಇಟ್ಟ ಮಾಂಸದ ಬಗ್ಗೆ ಕೇಳ್ದಾಗ ಪೌಲ ಮೂರು ಅಧ್ಯಾಯ ಬರೆದ, ಯೆರೂಸಲೇಮಿನ ಪತ್ರದ ಹೆಸರೇ ಎತ್ತಲಿಲ್ಲ.

ನಾನು ಕ್ಲಾಸಲ್ಲಿ ಯಾವಾಗ್ಲೂ ಹೇಳೋದಿಷ್ಟೇ, ಮೊದಲ 250 ವರ್ಷ ಅಧಿಕಾರ ಎಲ್ಲಿತ್ತು ಅಂತ ತಿಳೀಬೇಕಾದ್ರೆ ಯಾರು ಯಾರಿಗೆ ಪತ್ರ ಬರೀತಿದ್ರು, ಯಾರ ಪತ್ರ ಯಾರು ತಗೊಳ್ತಿರ್ಲಿಲ್ಲ ಅಂತ ನೋಡಿ. ಮೇಲ್ಮನವಿ ಹಾಕೋಕೆ ಒಂದು ಕೋರ್ಟ್ ಅಂತ ಇರ್ಲಿಲ್ಲ. ಒಂದೂರಿನ ಸಭೆ ಇನ್ನೊಂದೂರಿನ ಸಭೆನ ಒಪ್ಕೊಂಡಿದೆ ಅನ್ನೋಕೆ ಪತ್ರವೇ ಸಾಕ್ಷಿ. ಪ್ರಯಾಣ ಹೋಗೋ ಕ್ರೈಸ್ತ ತನ್ನ ಬಿಷಪ್ಪಿಂದ ಒಂದು ಓಲೆ ತಗೊಂಡು ಹೋಗ್ಬೇಕಿತ್ತು, ಇಲ್ಲಾಂದ್ರೆ ಪ್ರಭುಭೋಜನಕ್ಕೆ ಸೇರಿಸ್ತಿರ್ಲಿಲ್ಲ. ಈಗ್ಲೂ ನಾವು ಊರು ಬದಲಾಯಿಸಿದ್ರೆ ಹಳೇ ಚರ್ಚಿಂದ ಲೆಟರ್ ತರ್ತೀವಲ್ಲ, ಅದೇ.

ಸುಮಾರು 96ರಲ್ಲಿ ಕೊರಿಂಥದಲ್ಲಿ ಕೆಲವರು ಸೇರಿ ತಪ್ಪಿಲ್ಲದ ಹಿರಿಯರನ್ನೇ ಕೆಳಗಿಳಿಸಿಬಿಟ್ರು. ರೋಮಿನ ಸಭೆ ಉದ್ದಕ್ಕೆ ಒಂದು ಪತ್ರ ಬರೀತು, ಕ್ಲೆಮೆಂಟನ ಪತ್ರ ಅಂತ ಹೆಸರಾಗಿದೆ, ಆದ್ರೆ ಒಳಗೆ ಅವನ ಹೆಸರೇ ಇಲ್ಲ, "ರೋಮಿನಲ್ಲಿರೋ ಸಭೆ" ಅಂತಲೇ ಬರೆದಿರೋದು. ಅದನ್ನ ತಗೊಂಡು ಹೋಗೋಕೆ ಚಿಕ್ಕಂದಿನಿಂದ ಮುಪ್ಪಿನವರೆಗೆ ತಮ್ಮ ಮಧ್ಯೆ ನೆಟ್ಟಗೆ ಬದುಕಿದ ಮೂವರನ್ನ ಆರಿಸಿ ಕಳಿಸಿದ್ರು. ಸುಮಾರು 170ರಲ್ಲಿ ಕೊರಿಂಥದ ಬಿಷಪ್ಪು ಬರೀತಾರೆ, ಆ ಪತ್ರನ ನಾವು ಈಗ್ಲೂ ಆರಾಧನೆಲಿ ಓದ್ತೀವಿ ಅಂತ. ಬೈಸ್ಕೊಂಡೋರೇ ಎಪ್ಪತ್ತು ಚಿಲ್ಲರೆ ವರ್ಷ ಆ ಪತ್ರ ಕಾಪಾಡ್ಕೊಂಡು ಓದ್ತಿದಾರೆ ಅಂದ್ರೆ ಅದು ಎಷ್ಟು ನಾಟಿತ್ತು ನೋಡಿ.

ಮಂಗಳೂರಿಂದ ಒಬ್ರು: ಹಾಗಾದ್ರೆ ನೀವೇ ಹೇಳಿದ ಹಾಗಾಯ್ತಲ್ಲ ಮೇಡಂ, ರೋಮ್ ಬರೆದ್ರೆ ಕೊರಿಂಥ ಕೇಳಿತು. ನಾವು ಕ್ಯಾಥೊಲಿಕರು, ನಮಗೆ ಕ್ಯಾಟಕಿಸಂ ಕ್ಲಾಸಲ್ಲಿ ಕಲಿಸಿದ್ದೂ ಅದೇ. ಪೋಪ್ ಹೇಳಿದ ಮೇಲೆ ಜಗಳ ಉಂಟಾ ಮಾರಾಯ್ರೆ?

ಉತ್ತರ: ಉಂಟು :) ರೋಮಿನ ಮಾತಿಗೆ ತೂಕ ಇತ್ತು, ಅದ್ರಲ್ಲಿ ಅನುಮಾನವೇ ಬೇಡ. ಪೇತ್ರ ಪೌಲ ಇಬ್ಬರೂ ರಕ್ತಸಾಕ್ಷಿಗಳಾದ ಊರು, ರಾಜಧಾನಿ ಬೇರೆ. ಆದ್ರೆ ತೂಕ ಇದ್ದ ಮಾತ್ರಕ್ಕೆ ಎಲ್ರೂ ತಲೆಬಾಗಿದ್ರು ಅಂತಲ್ಲ, ಎರಡು ಕಥೆ ಹೇಳ್ತೀನಿ ನೀವೇ ನೋಡಿ.

ಒಂದು ಈಸ್ಟರ್ ಹಬ್ಬದ್ದು. ಏಷ್ಯಾ ಪ್ರಾಂತ್ಯದವರು, ಅಂದ್ರೆ ಈಗಿನ ಟರ್ಕಿಯ ಪಶ್ಚಿಮ ಭಾಗ, ಯೆಹೂದ್ಯರ ನಿಸಾನ್ ತಿಂಗಳ 14ನೇ ದಿನ ಯಾವ ವಾರ ಬಂದ್ರೂ ಅವತ್ತೇ ಪಸ್ಕ ಆಚರಿಸ್ತಿದ್ರು. ರೋಮಿನವರದ್ದು ಭಾನುವಾರವೇ ಆಗ್ಬೇಕು. ಸುಮಾರು 155ರಲ್ಲಿ ಸ್ಮುರ್ನದ ಮುದುಕ ಬಿಷಪ್ ಪಾಲಿಕಾರ್ಪ್ ರೋಮಿಗೆ ಹೋದ್ರು, ಅಲ್ಲಿನ ಬಿಷಪ್ ಅನಿಸೀಟಸ್ ಜೊತೆ ಮಾತುಕತೆ ಆಯ್ತು. ಇವರು ನಾನು ಯೋಹಾನನಿಂದ ಕಲಿತದ್ದು ಬಿಡಲ್ಲ ಅಂದ್ರು, ಅವರು ನನ್ನ ಹಿಂದಿನ ಹಿರಿಯರದ್ದು ನಾನು ಬಿಡಲ್ಲ ಅಂದ್ರು. ಒಮ್ಮತ ಆಗ್ಲಿಲ್ಲ. ಆದ್ರೂ ಅನಿಸೀಟಸ್ ತನ್ನ ಸಭೆಲಿ ಪ್ರಭುಭೋಜನ ನಡೆಸೋ ಗೌರವ ಪಾಲಿಕಾರ್ಪ್‌ಗೇ ಬಿಟ್ಟುಕೊಟ್ರು, ಸಮಾಧಾನದಿಂದ ಬೇರೆಯಾದ್ರು. ನನಗೆ ಇಡೀ ಎರಡನೇ ಶತಮಾನದಲ್ಲಿ ತುಂಬಾ ಇಷ್ಟವಾದ ದೃಶ್ಯ ಇದು.

ಸುಮಾರು 190ರ ಹೊತ್ತಿಗೆ ರೋಮಲ್ಲಿ ಬಿಷಪ್ ಆಗಿ ವಿಕ್ಟರ್ ಬಂದ್ರು. ಇವರು ಇಡೀ ಏಷ್ಯಾದ ಸಭೆಗಳನ್ನ ಅನ್ಯೋನ್ಯತೆಯಿಂದ ಹೊರಗೆ ಹಾಕ್ತೀನಿ ಅಂತ ಹೊರಟ್ರು. ಏಷ್ಯಾದ ಎಫೆಸದ ಬಿಷಪ್ ಪಾಲಿಕ್ರಟೀಸ್ ಸುಮ್ನಿರ್ತಾರಾ, ನಮ್ಮ ಮನೆತನದಲ್ಲೇ ಏಳು ಜನ ಬಿಷಪ್ಪುಗಳಾಗಿದ್ರು, ನಾನು ಎಂಟನೆಯವನು, ಹೆದರಿಸಿದ್ರೆ ಹೆದರೋನಲ್ಲ ಅಂತ ಬರೆದ್ರು. ಆಗ ಲಿಯೋನ್ಸ್‌ನ (ಈಗಿನ ಫ್ರಾನ್ಸ್) ಬಿಷಪ್ ಐರೇನಿಯಸ್ ಮಧ್ಯೆ ಬಂದ್ರು. ಅವರು ಬೆಳೆದದ್ದು ಏಷ್ಯಾ ಕಡೆ, ಚಿಕ್ಕ ಹುಡುಗನಾಗಿ ಪಾಲಿಕಾರ್ಪ್‌ನ ಕಣ್ಣಾರೆ ಕಂಡವರು, ಆದ್ರೆ ತಾವು ಆಚರಿಸ್ತಿದ್ದದ್ದು ಭಾನುವಾರವೇ. ಅಂದ್ರೆ ವಿಕ್ಟರ್ ಪಕ್ಷದವರೇ ವಿಕ್ಟರ್‌ಗೆ ಬುದ್ಧಿ ಹೇಳಿದ್ದು. ಉಪವಾಸ ಕೆಲವರು ಒಂದು ದಿನ ಮಾಡ್ತಾರೆ, ಕೆಲವರು ಎರಡು, ಕೆಲವರು 40 ತಾಸು, ಹಿಂದಿನವರೆಲ್ಲ ಇದನ್ನ ಸಹಿಸ್ಕೊಂಡೇ ಬಂದ್ರು, ಉಪವಾಸದಲ್ಲಿನ ಭಿನ್ನತೆ ನಂಬಿಕೆಯ ಒಮ್ಮತನ ಇನ್ನೂ ಗಟ್ಟಿ ಮಾಡುತ್ತೆ ಅಂತ ಬರೆದ್ರು. ಐರೇನಿಯಸ್ ಅನ್ನೋ ಹೆಸರಿಗೆ ಗ್ರೀಕಲ್ಲಿ ಶಾಂತಿಯವನು ಅಂತ ಅರ್ಥ, ಹೆಸರಿಗೆ ತಕ್ಕ ಹಾಗೆ ನಡ್ಕೊಂಡ ಅಂತ ಇತಿಹಾಸಕಾರ ಯುಸೇಬಿಯಸ್ ಹೊಗಳ್ತಾರೆ.

ಇನ್ನೊಂದು ಕಥೆ ನಿಮ್ಮ ಸಭೆಯ ದೀಕ್ಷಾಸ್ನಾನದ ಜಗಳಕ್ಕೇ ಹತ್ರ ಬರುತ್ತೆ (ಮೊದಲು ಪ್ರಶ್ನೆ ಕೇಳಿದೋರಿಗೆ ಹೇಳ್ತಿದೀನಿ). ಒಡೆದು ಹೋದ ಗುಂಪಿನಲ್ಲಿ ದೀಕ್ಷಾಸ್ನಾನ ಆದವರು ವಾಪಸ್ ಬಂದ್ರೆ ಮತ್ತೆ ಕೊಡಬೇಕಾ? ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಕೊಡಲೇಬೇಕು ಅಂದ್ರು, ಚರ್ಚಿನ ಹೊರಗೆ ಸ್ನಾನವೇ ಇಲ್ಲ ಅಂತ. ರೋಮಿನ ಬಿಷಪ್ ಸ್ಟೀಫನ್ ಬೇಡ, ಕೈ ಇಟ್ಟು ಪ್ರಾರ್ಥಿಸಿ ಸೇರಿಸ್ಕೊಳ್ಳಿ ಸಾಕು ಅಂದ್ರು. 256ರ ಸೆಪ್ಟೆಂಬರ್ 1ರಂದು ಸಿಪ್ರಿಯನ್ ಸಭೆ ಕರೆದ್ರು, 87 ಬಿಷಪ್ಪುಗಳ ಅಭಿಪ್ರಾಯ ಒಬ್ಬೊಬ್ಬರದ್ದಾಗಿ ಬರ್ಕೊಂಡ್ರು, ಆ ದಾಖಲೆ ಈಗ್ಲೂ ಇದೆ. ಶುರುವಲ್ಲೇ ಅವರು, ನಮ್ಮಲ್ಲಿ ಯಾರೂ ಬಿಷಪ್ಪುಗಳಿಗೇ ಬಿಷಪ್ ಅಂತ ಕೂತಿಲ್ಲ, ಬೇರೆ ಥರ ಯೋಚಿಸೋರನ್ನ ಹೊರಗೂ ಹಾಕಲ್ಲ ಅಂದ್ರು. ಮಾತು ಯಾರಿಗೆ ಅಂತ ಬಿಡಿಸಿ ಹೇಳ್ಬೇಕಾ! ಆ ಕಡೆ ಸ್ಟೀಫನ್, ಆಫ್ರಿಕಾದಿಂದ ಬಂದವರನ್ನ ನೋಡಲೂ ಇಲ್ಲ, ಅವರಿಗೆ ಉಳ್ಕೊಳ್ಳೋಕೆ ಮನೆನೂ ಕೊಡಬೇಡಿ ಅಂದ್ರಂತೆ. ಇದನ್ನ ಸಿಪ್ರಿಯನ್‌ಗೆ ಬರೆದ ಪತ್ರದಲ್ಲಿ ಹೇಳಿರೋದು ಕಪ್ಪದೋಕ್ಯದ (ಈಗಿನ ಟರ್ಕಿ) ಬಿಷಪ್ ಫರ್ಮಿಲಿಯನ್, ಅವರು ಸಿಪ್ರಿಯನ್ ಕಡೆಯವರು, ಹಾಗಾಗಿ ಸ್ವಲ್ಪ ಉಪ್ಪುಖಾರ ಇರ್ಬಹುದು. ಎಲ್ಲರನ್ನೂ ಕತ್ತರಿಸಿ ಹಾಕಿದೆ ಅಂದ್ಕೊಂಡು ನೀನೇ ಕತ್ತರಿಸ್ಕೊಂಡೆ ಅಂತ ಅವರು ಸ್ಟೀಫನ್‌ಗೆ ಹೇಳಿದ ಮಾತು ಆ ಪತ್ರದಲ್ಲೇ ಇರೋದು.

ತೀರ್ಪು ಯಾರದ್ದು ಗೆಲ್ತು? ಯಾರದ್ದೂ ಇಲ್ಲ, ಆಗ. 257ರಲ್ಲಿ ಸ್ಟೀಫನ್ ತೀರ್ಕೊಂಡ್ರು, 258ರ ಸೆಪ್ಟೆಂಬರ್ 14ಕ್ಕೆ ಸಿಪ್ರಿಯನ್ ತಲೆ ಕಡಿದ್ರು ರೋಮನ್ ಅಧಿಕಾರಿಗಳು. 314ರಲ್ಲಿ ಆರ್ಲ್‌ನಲ್ಲಿ (ಈಗಿನ ಫ್ರಾನ್ಸ್) ಕೂಡಿದ ಬಿಷಪ್ಪುಗಳ ಸಭೆ ಆಫ್ರಿಕಾದವರಿಗೆ ತ್ರಿತ್ವದ ಹೆಸರಲ್ಲಿ ಸ್ನಾನ ಆಗಿದ್ರೆ ಮತ್ತೆ ಬೇಡ ಅಂತ ನಿಯಮ ಮಾಡ್ತು, ಅಂದ್ರೆ ಸ್ಟೀಫನ್ ವಾದ ನಿಂತಿತು. ಆದ್ರೆ ಸಂತ ಅಂತ ಜನರ ಬಾಯಲ್ಲಿ ಜಾಸ್ತಿ ಉಳಿದಿದ್ದು ಸಿಪ್ರಿಯನ್. ಮಂಗಳೂರಿನವರೇ, ನಿಮ್ಮ ಪೂಜೆಲಿ, ಮೊದಲನೇ ಕೃತಜ್ಞತಾ ಪ್ರಾರ್ಥನೆ ಹೇಳಿದ ದಿನ ಸಂತರ ಪಟ್ಟಿಲಿ ಕೊರ್ನೇಲಿಯಸ್, ಸಿಪ್ರಿಯನ್ ಅಂತ ಬರುತ್ತಲ್ಲ, ಆ ಸಿಪ್ರಿಯನ್ನೇ ಇವರು.

ಮಂಗಳೂರಿಂದ ಅವರೇ: ಹೌದು ಬರ್ತದೆ. ಇಷ್ಟು ವರ್ಷ ಕೇಳಿದ್ದೇನೆ, ಯಾರು ಅಂತ ಗೊತ್ತಿರಲಿಲ್ಲ.

ಗದಗದಿಂದ ಒಬ್ರು: ಮೇಡಂ ನಂದೊಂದ್ ಡೌಟ್ ಐತ್ರಿ. ಬಿಷಪ್ ಬಿಷಪ್ ಜಗಳ ಅಂದ್ರ ದೊಡ್ಡವರ ಮಾತಾತು. ಊರಾಗ ಯಾರರ ಬಂದು ನನಗ ದರ್ಶನ ಆಗೈತಿ, ದೇವ್ರ ಹಿಂಗ ಹೇಳ್ಯಾನ ಅಂದ್ರ ಸಣ್ಣ ಸಭಾದವ್ರು ಏನ್ ಮಾಡ್ತಿದ್ರು? ನಮ್ಮ ಕಡೆ ಇಂಥವ್ರು ಭಾಳ ಬರ್ತಾರ್ರಿ.

ಉತ್ತರ: ಅಯ್ಯೋ ನಿಮಗೆ ದಿದಾಖೆ ಓದಿಸ್ಬೇಕು. ಅಪೊಸ್ತಲರ ಬೋಧನೆ ಅಂತ ಒಂದು ಸಣ್ಣ ಕೈಪಿಡಿ, ಒಂದನೇ ಶತಮಾನದ ಕೊನೆ ಎರಡನೇ ಶತಮಾನದ ಶುರುವಿಂದು, ಕಳೆದೇ ಹೋಗಿತ್ತು, 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹಸ್ತಪ್ರತಿ ಸಿಕ್ತು. ಅದ್ರಲ್ಲಿ ದೈವಶಾಸ್ತ್ರದ ದೊಡ್ಡ ಪರೀಕ್ಷೆ ಏನೂ ಇಲ್ಲ, ಬರೀ ಅನುಭವಸ್ಥ ಅಜ್ಜಿ ಹೇಳೋ ಥರದ ಮಾತು. ಬಂದವನು ಒಂದು ದಿನ ಇರ್ಲಿ, ಬೇಕಾದ್ರೆ ಎರಡು, ಮೂರನೇ ದಿನನೂ ಕೂತಿದ್ರೆ ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುವ ಜಾಗದ ತನಕ ರೊಟ್ಟಿ ಕೊಡಿ, ದುಡ್ಡು ಕೇಳಿದ್ರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ಊಟ ಬಡಿಸಿ ಅಂತ ಹೇಳಿ ತಾನೇ ಉಂಡ್ರೆ ಅವನೂ ಸುಳ್ಳು. ಸತ್ಯ ಕಲಿಸಿದ್ರೂ ತಾನು ಹಾಗೆ ನಡೀದಿದ್ರೆ ಸುಳ್ಳು. ಊರಲ್ಲೇ ನಿಲ್ತೀನಿ ಅಂದ್ರೆ ಕಸುಬು ಇದ್ದವನು ದುಡಿದು ತಿನ್ನಲಿ, ಅದಕ್ಕೆ ಒಪ್ಪದವನು ಕ್ರಿಸ್ತನ ಹೆಸರಲ್ಲಿ ವ್ಯಾಪಾರ ಮಾಡೋನು.

ಗದಗದಿಂದ ಅವರೇ: ಊಟದ ಮಾತ್ ಕೇಳಿ ನಗು ತಡ್ಯಾಕ ಆಗ್ಲಿಲ್ರಿ 😂 ನಮ್ಮ ಮನಿಯವ್ರಿಗೂ ಓದಿ ಹೇಳಿದ್ನಿ.

ಮೊದಲು ಕೇಳಿದವರು: ಮೇಡಂ ಬೀಗದ ಕೈ ವಿಷಯ? ಒಬ್ರನ್ನ ಕೆಳಗಿಳಿಸಿದ ಮೇಲೂ ಅವರು ಕಟ್ಟಡ ಬಿಡದೇ ಇದ್ರೆ ಆಗ ಏನ್ ಮಾಡ್ತಿದ್ರು? ನಮ್ಮಲ್ಲಿ ಕೋರ್ಟಿಗೆ ಹೋಗೋಣ ಅನ್ನೋರು ಒಂದಷ್ಟು ಜನ, ಹೋಗಬಾರದು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಹಾಗಿದೆ ಅನ್ನೋರು ಒಂದಷ್ಟು ಜನ.

ಉತ್ತರ: ಇದಕ್ಕೆ ಸರಿಯಾದ ಕೇಸೇ ಇದೆ, ಅಂತಿಯೋಕ್ಯದ ಬಿಷಪ್ ಸಮೊಸಾಟದ ಪೌಲಂದು. ಕ್ರಿಸ್ತನ ಬಗ್ಗೆ ಅವನ ಬೋಧನೆ ಸರಿಯಿಲ್ಲ ಅಂತ ದೂರು, ಯೇಸು ಮೇಲಿಂದ ಇಳಿದು ಬಂದವನಲ್ಲ ಕೆಳಗಿನವನು ಅಂತಾನೆ ಅಂತ. ಜೊತೆಗೆ ನಡತೆ ಬಗ್ಗೆಯೂ ದೊಡ್ಡ ಪಟ್ಟಿ. ಎತ್ತರದ ಪೀಠ ಕಟ್ಟಿಸ್ಕೊಂಡ, ಪ್ರಸಂಗ ಮಾಡ್ತಾ ತೊಡೆ ತಟ್ತಾನೆ, ಕಾಲು ಅಪ್ಪಳಿಸ್ತಾನೆ, ಜನ ಕರವಸ್ತ್ರ ಬೀಸಿ ಭಲೇ ಅನ್ನದಿದ್ರೆ ಬೈತಾನೆ, ಪಸ್ಕದ ದಿನ ಹೆಂಗಸರ ಕೈಲಿ ತನ್ನ ಮೇಲೆ ಹಾಡು ಹಾಡಿಸ್ತಾನೆ. ಪಟ್ಟಿ ಬರೆದವರು ಅವನ ವಿರೋಧಿಗಳು, ಅದು ನೆನಪಿರ್ಲಿ.

ಸುತ್ತಮುತ್ತಲ ಬಿಷಪ್ಪುಗಳು ಒಂದಕ್ಕಿಂತ ಹೆಚ್ಚು ಸಲ ಕೂಡಿದ್ರು, ಅವನು ಮಾತಲ್ಲಿ ಜಾರ್ಕೊಂಡೇ ಹೋದ. 268ರಲ್ಲಿ ಮಾಲ್ಕಿಯನ್ ಅಂತ ಒಬ್ಬ ಪಾದ್ರಿ, ಅಂತಿಯೋಕ್ಯದಲ್ಲೇ ವಾಕ್ಚಾತುರ್ಯ ಕಲಿಸೋ ಶಾಲೆಯ ಮುಖ್ಯಸ್ಥ, ಶೀಘ್ರಲಿಪಿಕಾರರನ್ನ ಕೂರಿಸಿ ಪ್ರಶ್ನೆ ಹಾಕ್ದ. ಹೇಳಿದ್ದೆಲ್ಲ ಬರ್ಕೊಳ್ತಿದ್ರೆ ಜಾರೋದು ಕಷ್ಟ ನೋಡಿ. ಅವನನ್ನ ಇಳಿಸಿ ಡೋಮ್ನಸ್ ಅನ್ನೋರನ್ನ ಕೂರಿಸಿ, ರೋಮ್ ಮತ್ತೆ ಅಲೆಕ್ಸಾಂಡ್ರಿಯ ಬಿಷಪ್ಪುಗಳಿಗೆ ಪತ್ರ ಬರೆದ್ರು, ಇನ್ಮೇಲೆ ಪತ್ರವ್ಯವಹಾರ ಡೋಮ್ನಸ್ ಜೊತೆ ಇಟ್ಕೊಳ್ಳಿ ಅಂತ.

ಪೌಲ ಮಾತ್ರ ಚರ್ಚಿನ ಮನೆ ಬಿಡ್ಲೇ ಇಲ್ಲ. ಆಗ ಆ ಊರು ಪಾಲ್ಮೈರದ ರಾಣಿ ಜೆನೋಬಿಯಾ ಕೈಲಿತ್ತು. ಚಕ್ರವರ್ತಿ ಔರೇಲಿಯನ್ ಅವಳನ್ನ ಸೋಲಿಸಿದ ಮೇಲೆ, 272ರ ಸುಮಾರಿಗೆ, ಕ್ರೈಸ್ತರು ಅವನ ಹತ್ರ ಹೋದ್ರು. ಅವನು ಕ್ರೈಸ್ತ ಅಲ್ಲ, ಸೂರ್ಯನ ಭಕ್ತ, ಇವರ ದೈವಶಾಸ್ತ್ರ ಕಟ್ಕೊಂಡು ಅವನಿಗೇನು. ಇಟಲಿಯ ಮತ್ತು ರೋಮಿನ ಬಿಷಪ್ಪುಗಳು ಯಾರಿಗೆ ಪತ್ರ ಬರೀತಾರೋ ಅವರಿಗೆ ಕಟ್ಟಡ ಕೊಡಿ ಅಂದ, ಪೌಲನ್ನ ಹೊರಗೆ ಹಾಕಿಸ್ದ. ನಾನು ಮೇಲೆ ಹೇಳಿದ್ನಲ್ಲ ಪತ್ರದ ವಿಷಯ, ಹೊರಗಿನ ಒಬ್ಬ ಸೈನಿಕ ಚಕ್ರವರ್ತಿಗೂ ಅದು ಗೊತ್ತಾಗಿತ್ತು.

ಕೋರ್ಟಿಗೆ ಹೋಗ್ಬೇಕಾ ಬೇಡ್ವಾ ಅನ್ನೋದು ನಾನು ಹೇಳೋ ವಿಷಯ ಅಲ್ಲ, ವಕೀಲರನ್ನ ಕೇಳಿ. ಅವರು ಹೋದ್ರು ಅನ್ನೋದಷ್ಟೇ ಇತಿಹಾಸ. ಆದ್ರೆ ಆ ಬಾಗಿಲು ಒಂದು ಸಲ ತೆರೆದ ಮೇಲೆ ಮುಚ್ಚೋದು ಕಷ್ಟ. 313ರಲ್ಲಿ ಆಫ್ರಿಕಾದ ಡೊನಾಟಿಸ್ಟರು (ಮುಂದೆ ಡೊನಾಟಸ್ ಅನ್ನೋ ಮುಂದಾಳಿನ ಹೆಸರಲ್ಲಿ ಕರೆಸ್ಕೊಂಡ, ಸಭೆಯಿಂದ ಒಡೆದ ಗುಂಪು) ಕಾರ್ಥೇಜಿನ ಬಿಷಪ್ ಆಯ್ಕೆ ಸರಿಯಿಲ್ಲ ಅಂತ ತಾವಾಗೇ ಚಕ್ರವರ್ತಿ ಕಾನ್‌ಸ್ಟಂಟೈನ್‌ಗೆ ಅರ್ಜಿ ಹಾಕಿದ್ರು. ರೋಮಲ್ಲಿ ಸೋತ್ರು, ಮರುವರ್ಷ ಆರ್ಲ್‌ನಲ್ಲಿ ಸೋತ್ರು (ಆ ಸಭೆಗೆ ಬಿಷಪ್ಪುಗಳು ಬಂದದ್ದು ಸರ್ಕಾರಿ ಗಾಡಿಲಿ, ಸಿರಕ್ಯೂಸಿನವರಿಗೆ ಹೋದ ಆಹ್ವಾನ ಪತ್ರ ಉಳಿದಿದೆ, ಇಬ್ಬರು ಪಾದ್ರಿ ಮೂರು ಆಳು ಕರ್ಕೊಂಡು ಬನ್ನಿ ಅಂತ), 316ರಲ್ಲಿ ಚಕ್ರವರ್ತಿ ಎದುರೇ ಸೋತ್ರು. ಆಮೇಲೆ ಸೈನಿಕರು ಬಂದ್ರು, ರಕ್ತ ಹರೀತು. ಮುಂದೆ ಅದೇ ಡೊನಾಟಸ್, ಚಕ್ರವರ್ತಿಗೂ ಸಭೆಗೂ ಏನ್ರೀ ಸಂಬಂಧ ಅಂತ ಕೇಳಿದ್ದು. ಮೊದಲು ಅರ್ಜಿ ಹಾಕಿದ್ದು ಯಾರು ಸ್ವಾಮಿ!

325ರಲ್ಲಿ ನಿಕೇಯದಲ್ಲಿ ಕೂಡಿದ ಬಿಷಪ್ಪುಗಳ ಸಭೆ ಎಲ್ರಿಗೂ ಗೊತ್ತಿರೋದೇ, ಕ್ರಿಸ್ತ ತಂದೆಯಾದ ದೇವರಿಗೆ ಸಮಾನ ಅಲ್ಲ ಅಂದ ಅರಿಯಸ್ ಅನ್ನೋ ಪಾದ್ರಿಯ ವಿಷಯ, ಹೆಚ್ಚು ಬರೆಯಲ್ಲ. ಅಷ್ಟು ದೊಡ್ಡ ಸಭೆ ಆದ್ಮೇಲೂ ಆ ಜಗಳ ಇನ್ನೂ 56 ವರ್ಷ ಎಳೀತು, ಆ ಸಭೆಯ ತೀರ್ಮಾನ ಎತ್ತಿ ಹಿಡಿದ ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್‌ನ ಐದು ಸಲ ಗಡೀಪಾರು ಮಾಡಿದ್ರು. ಆದ್ರೆ ನಿಕೇಯದ 5ನೇ ನಿಯಮ ಯಾರೂ ಓದಲ್ಲ, ನಿಮಗೆ ಬೇಕಾಗಿರೋದು ಅದೇ. ಪ್ರತಿ ಪ್ರಾಂತ್ಯದ ಬಿಷಪ್ಪುಗಳು ವರ್ಷಕ್ಕೆ ಎರಡು ಸಲ ಕೂಡಬೇಕು, ಒಂದು ತಪಸ್ಸು ಕಾಲಕ್ಕೆ (ಈಸ್ಟರ್‌ಗೆ ಮುಂಚಿನ ಲೆಂಟ್) ಮುಂಚೆ, ಒಂದು ಶರತ್ಕಾಲದಲ್ಲಿ. ಯಾಕೆ ಅಂದ್ರೆ ಯಾರನ್ನಾದ್ರೂ ಹೊರಗೆ ಹಾಕಿದ್ರೆ ಅದು ಬಿಷಪ್ಪನ ಸಣ್ಣತನದಿಂದಲೋ ಜಗಳಗಂಟತನದಿಂದಲೋ ಆಗಿದ್ದಾ ಅಂತ ನೋಡೋಕೆ.

ಹಾಸನದಿಂದ ಒಬ್ರು: ಮೇಡಂ ಎಲ್ಲ ಓದಿ ಸುಸ್ತಾಯ್ತು. ಕೂತು ಮಾತಾಡಿ ನಿಜವಾಗ್ಲೂ ಸರಿಹೋದ ಜಗಳ ಒಂದಾದ್ರೂ ಇದ್ಯಾ?

ಉತ್ತರ: ಇದೆ. ಈಜಿಪ್ಟಿನ ಅರ್ಸಿನೋಯೆ ಅನ್ನೋ ಕಡೆ, ಈಗಿನ ಫಯ್ಯೂಮ್. ನೆಪೋಸ್ ಅಂತ ಒಬ್ರು ಬಿಷಪ್ ಇದ್ರು, ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆ ಇದೇ ಭೂಮಿ ಮೇಲೆ ಊಟ ಉಪಚಾರ ಎಲ್ಲ ಸೇರಿ ಅಕ್ಷರಶಃ ನಡೆಯುತ್ತೆ ಅಂತ ಪುಸ್ತಕ ಬರೆದಿದ್ರು. ಅವರು ತೀರಿಹೋದ ಮೇಲೂ ಹಳ್ಳಿ ಹಳ್ಳಿಲಿ ಅದೇ ಪುಸ್ತಕ ಹಿಡ್ಕೊಂಡು ಸಭೆಗಳು ಒಡೆಯೋಕೆ ಶುರುವಾದ್ವು. ಅಲೆಕ್ಸಾಂಡ್ರಿಯದ ಬಿಷಪ್ ಡಯೋನೀಸಿಯಸ್ (ಮೂರನೇ ಶತಮಾನದ ಮಧ್ಯಭಾಗ) ಆಜ್ಞೆ ಹೊರಡಿಸಬಹುದಿತ್ತು. ಬದಲಿಗೆ ಅಲ್ಲಿಗೇ ಹೋಗಿ ಹಳ್ಳಿಯ ಪಾದ್ರಿಗಳು, ಬೋಧಕರು, ಬರೋಕೆ ಇಷ್ಟ ಇದ್ದ ಜನ ಎಲ್ರನ್ನೂ ಕರೆದು ಮೂರು ದಿನ ಬೆಳಗಿಂದ ಸಂಜೆವರೆಗೂ ಆ ಪುಸ್ತಕ ಇಟ್ಕೊಂಡು ಕೂತ್ರು. ನೆಪೋಸ್ ಮೇಲೆ ತನಗೆ ಪ್ರೀತಿ ಇದೆ, ಅವರ ನಂಬಿಕೆ, ಶಾಸ್ತ್ರಾಭ್ಯಾಸ, ಜನ ಇವತ್ತೂ ಹಾಡೋ ಅವರ ಕೀರ್ತನೆಗಳು ಎಲ್ಲ ಇಷ್ಟ ಅಂತ ಡಯೋನೀಸಿಯಸ್ಸೇ ಬರೆದಿದಾರೆ. ಪ್ರಶ್ನೆ ಕೇಳಿದ್ರು, ಸಂದೇಹ ಹೇಳಿದ್ರು, ಒಪ್ಪೋ ಮಾತು ಒಪ್ಪಿದ್ರು, ಮುಂಚೆ ಹೀಗೆ ಹೇಳಿದ್ದೆವಲ್ಲ ಈಗ ಹೆಂಗೆ ಬದಲಾಯಿಸೋದು ಅನ್ನೋ ನಾಚಿಕೆ ಯಾರಿಗೂ ಇರ್ಲಿಲ್ಲ ಅಂತಲೂ ಬರೀತಾರೆ. ಕೊನೆಗೆ ಆ ಪಕ್ಷದ ಮುಂದಾಳು ಕೊರಾಕಿಯನ್ ಎಲ್ಲರ ಎದುರು ಇನ್ಮೇಲೆ ಇದನ್ನ ಬೋಧಿಸಲ್ಲ ಅಂತ ಒಪ್ಪಿದ್ರು. ಗೆದ್ದವರು ಬರೆದ ವರದಿ ಅನ್ನೋದು ಇಲ್ಲೂ ಇದೆ. ಆದ್ರೆ ಯಾರನ್ನೂ ಹೊರಗೆ ಹಾಕಿದ್ದು ಆ ವರದಿಲಿ ಇಲ್ಲ.

ಮೊದಲು ಕೇಳಿದವರು: ಮೂರು ದಿನ! ನಮ್ಮಲ್ಲಿ ಭಾನುವಾರ ಆರಾಧನೆ ಮುಗಿದ ತಕ್ಷಣ ಮೀಟಿಂಗ್, ಅರ್ಧ ಗಂಟೆಗೆ ಕಿರುಚಾಟ, ಎಲ್ರೂ ಊಟಕ್ಕೆ ಮನೆಗೆ. ಮುಂದಿನ ಭಾನುವಾರದವರೆಗೂ ಮುಖ ಊದಿಸ್ಕೊಂಡಿರ್ತಾರೆ.

ಉತ್ತರ: ಅಯ್ಯೋ ಭಾನುವಾರನಾ? ಮೂರನೇ ಶತಮಾನದ ಸಿರಿಯಾದಲ್ಲಿ ದಿದಸ್ಕಾಲಿಯ ಅಂತ ಸಭೆ ನಡೆಸೋರಿಗೆ ಬರೆದ ಪುಸ್ತಕ ಇದೆ, ಅದ್ರಲ್ಲಿ ಬಿಷಪ್ಪುಗಳಿಗೆ ಹೇಳಿರೋದು ವಿಚಾರಣೆ ಸೋಮವಾರ ಇಟ್ಕೊಳ್ಳಿ ಅಂತ. ತೀರ್ಪು ಹಿಡಿಸದೇ ಯಾರಾದ್ರೂ ಸಿಟ್ಟಾದ್ರೆ ಸಮಾಧಾನ ಮಾಡೋಕೆ ಶನಿವಾರದವರೆಗೂ ಟೈಮ್ ಇರುತ್ತೆ, ಭಾನುವಾರ ಒಟ್ಟಿಗೆ ಕೂರಬಹುದು.

ಮೊದಲು ಕೇಳಿದವರು: ಸೋಮವಾರ ಅರ್ಧ ಜನಕ್ಕೆ ಡ್ಯೂಟಿ ಇರುತ್ತೆ ಮೇಡಂ.

ಉತ್ತರ: ಸಂಜೆ ಏಳಕ್ಕೆ ಇಡಿ.